ಬಿಸಿಲು ಏರಿದ್ದು ಜೀವಕೋಶಕ್ಕೆ ಹೇಗೆ ಗೊತ್ತಾಗುತ್ತದೆ?

ಏಪ್ರಿಲ್, ಮೇ ಬಂತೆಂದರೆ ಕಲಬುರಗಿ, ರಾಯಚೂರು ಕಡೆ ಮಧ್ಯಾಹ್ನ 42 ಡಿಗ್ರಿ ಅನ್ನುವುದು ಹೊಸ ಸುದ್ದಿಯೇನಲ್ಲ. 2024ರ ಏಪ್ರಿಲ್‌ನಲ್ಲಿ ತಂಪಿಗೆ ಹೆಸರಾದ ಬೆಂಗಳೂರೇ 38 ಡಿಗ್ರಿ ದಾಟಿತು. ಬಿಸಿಲು ಜಾಸ್ತಿಯಾದರೆ ನಾವು ನೆರಳು ಹುಡುಕುತ್ತೇವೆ, ಮಜ್ಜಿಗೆ ಕುಡಿಯುತ್ತೇವೆ, ಫ್ಯಾನ್ ಕೆಳಗೆ ಕೂರುತ್ತೇವೆ. ಆದರೆ ದೇಹದೊಳಗಿನ ಒಂದೊಂದು ಜೀವಕೋಶಕ್ಕೆ ಈ ಯಾವ ಅನುಕೂಲವೂ ಇಲ್ಲ. ಇದ್ದ ಜಾಗದಲ್ಲೇ ಇದ್ದು ಬಿಸಿ ತಡೆಯಬೇಕು.

ತಡೆಯುತ್ತದೆ ಕೂಡ. ಬಿಸಿ ತಾಗಿದ ಕೆಲವೇ ನಿಮಿಷದಲ್ಲಿ ಜೀವಕೋಶ ತನ್ನ ಮಾಮೂಲಿ ಕೆಲಸಗಳಲ್ಲಿ ಬಹಳಷ್ಟನ್ನು ಬದಿಗಿಟ್ಟು, ರಿಪೇರಿಗೆ ಬೇಕಾದ ಪ್ರೋಟೀನ್‌ಗಳನ್ನು ತಯಾರಿಸಲು ಶುರುಮಾಡುತ್ತದೆ. ಆ ಕೆಲಸಕ್ಕೆ ಚಾಲನೆ ಕೊಡುವುದೂ ಒಂದು ಪ್ರೋಟೀನೇ. ಅದರ ಹೆಸರು ಹೀಟ್ ಶಾಕ್ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್, ಚಿಕ್ಕದಾಗಿ ಎಚ್‌ಎಸ್‌ಎಫ್. ಹೆಸರು ಉದ್ದವಾದರೂ ಅದು ಮಾಡುವ ಕೆಲಸ ಅರ್ಥವಾಗದಷ್ಟು ಕಷ್ಟದ್ದಲ್ಲ. ಯೀಸ್ಟ್‌ನಿಂದ ಹಿಡಿದು ಟೊಮೆಟೊ ಗಿಡ, ರೇಷ್ಮೆ ಹುಳು, ಮನುಷ್ಯರವರೆಗೆ ಎಲ್ಲರಲ್ಲೂ ಇದರ ಯಾವುದಾದರೊಂದು ರೂಪ ಇದೆ.

ಬಿಸಿಯಿಂದ ಕೆಡುವುದು ಏನು?

ಕಾದ ಕಾವಲಿಗೆ ಮೊಟ್ಟೆ ಒಡೆದು ಹಾಕಿ ನೋಡಿ. ಮೊದಲು ಅಂಚು ಮಬ್ಬಾಗುತ್ತದೆ. ಆಮೇಲೆ ಗಾಜಿನಂತೆ ತಿಳಿಯಾಗಿದ್ದ ಲೋಳೆ ಬೆಳ್ಳಗಾಗಿ ಗಟ್ಟಿಯಾಗುತ್ತದೆ. ಯಾರೂ ಅದಕ್ಕೆ ಏನನ್ನೂ ಬೆರೆಸಲಿಲ್ಲ. ಒಳಗಿದ್ದ ಪ್ರೋಟೀನ್‌ಗಳು ಬಿಸಿಗೆ ತಮ್ಮ ಆಕಾರ ಕಳೆದುಕೊಂಡು ಒಂದಕ್ಕೊಂದು ಅಂಟಿಕೊಂಡವು, ಅಷ್ಟೇ.

ಪ್ರೋಟೀನ್ ಅಂದರೆ ಮಣಿ ಪೋಣಿಸಿದ ಉದ್ದನೆಯ ಸರ ಅಂದುಕೊಳ್ಳಿ. ಮಣಿಗಳ ಹೆಸರು ಅಮೈನೊ ಆಮ್ಲ. ಈ ಸರ ಸುಮ್ನೆ ಉದ್ದಕ್ಕೆ ಬಿದ್ದಿದ್ದರೆ ಪ್ರಯೋಜನವಿಲ್ಲ. ಒಂದು ಗೊತ್ತಾದ ರೀತಿಯಲ್ಲಿ ಮಡಚಿಕೊಂಡು ಉಂಡೆಯಾದಾಗ ಮಾತ್ರ ಕೆಲಸ ಮಾಡುತ್ತದೆ. ಸೀರೆಯ ನೆರಿಗೆಯನ್ನು ನೆನಪು ಮಾಡಿಕೊಳ್ಳಿ. ಬಟ್ಟೆ ಅದೇ, ಉದ್ದವೂ ಅದೇ. ನೆರಿಗೆ ಜಾರಿತೆಂದರೆ ಮಾತ್ರ ಹೆಜ್ಜೆ ಇಡುವುದೇ ಕಷ್ಟ.

ಈ ಉಂಡೆಯ ಒಳಗಡೆ ನೀರನ್ನು ಕಂಡರಾಗದ, ಜಿಡ್ಡಿನಂಥ ಭಾಗಗಳು ಅಡಗಿರುತ್ತವೆ. ಬಿಸಿ ಏರಿದರೆ ಮಡಿಕೆ ಬಿಚ್ಚಿ ಆ ಜಿಡ್ಡಿನ ಭಾಗ ಹೊರಗೆ ಬರುತ್ತದೆ. ಹೊರಬಂದದ್ದು ಪಕ್ಕದ ಪ್ರೋಟೀನಿನ ಜಿಡ್ಡಿಗೆ ಅಂಟುತ್ತದೆ. ಅದು ಇನ್ನೊಂದಕ್ಕೆ. ಹೀಗೆ ಗಂಟು ಕಟ್ಟುತ್ತದೆ. ಮೊಟ್ಟೆಯ ಬಿಳಿ ಗಟ್ಟಿಯಾಗಲು 60 ಡಿಗ್ರಿಯ ಆಸುಪಾಸು ಬಿಸಿ ಬೇಕು. ನಮ್ಮ ಜೀವಕೋಶದಲ್ಲಿ ತೊಂದರೆ ಅದಕ್ಕಿಂತ ಎಷ್ಟೋ ಮುಂಚೆ ಶುರು. 37 ಡಿಗ್ರಿಗೆ ಹೊಂದಿಕೊಂಡಿರುವ ನಮ್ಮ ಕೆಲವು ಪ್ರೋಟೀನ್‌ಗಳು 42, 43 ಡಿಗ್ರಿಗೇ ಸಡಿಲಗೊಳ್ಳುತ್ತವೆ.

ಯಾರೋ ಬಿಸಿ ಏರಿಸಿದರು

ಈ ವಿಷಯ ಬೆಳಕಿಗೆ ಬಂದದ್ದು ಆಕಸ್ಮಿಕವಾಗಿ. 1960ರ ದಶಕದ ಆರಂಭದಲ್ಲಿ ಇಟಲಿಯ ಫೆರುಚ್ಚೊ ರಿತೊಸ್ಸ ಹಣ್ಣಿನ ನೊಣದ ಮರಿಹುಳುಗಳ ಜೊಲ್ಲು ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಬಾಳೆಹಣ್ಣು ಕಳಿತಾಗ ಮನೆಯಲ್ಲಿ ಗುಂಯ್‌ಗುಡುತ್ತವಲ್ಲ, ಆ ಸಣ್ಣ ನೊಣಗಳ ಬಳಗದ್ದೇ ಅದು. ಅವುಗಳ ಜೊಲ್ಲು ಗ್ರಂಥಿಯ ಕ್ರೋಮೊಸೋಮುಗಳು ಬಹಳ ದಪ್ಪ. ಅಡ್ಡಪಟ್ಟೆಗಳೂ ಸ್ಪಷ್ಟವಾಗಿ ಕಾಣುತ್ತವೆ. ಯಾವ ಜೀನ್ ಚುರುಕಾಗಿದೆಯೋ ಆ ಜಾಗ ಪೂರಿಯಂತೆ ಉಬ್ಬುತ್ತದೆ.

ಒಂದು ದಿನ ಪ್ರಯೋಗಾಲಯದಲ್ಲಿ ಯಾರೋ ಇನ್‌ಕ್ಯುಬೇಟರಿನ ಬಿಸಿ ಏರಿಸಿಬಿಟ್ಟಿದ್ದರು. ರಿತೊಸ್ಸ ನೋಡಿದಾಗ ಹಿಂದೆಂದೂ ಕಾಣದ ಜಾಗಗಳಲ್ಲಿ ಉಬ್ಬು ಎದ್ದಿತ್ತು. ಅವರು ಇದನ್ನು ತಪ್ಪಾಯಿತು ಎಂದು ಬಿಸಾಡಲಿಲ್ಲ. ಮತ್ತೆ ಮತ್ತೆ ಮಾಡಿ ನೋಡಿದರು. ಬಿಸಿ ತಾಗಿದ ಕೆಲವೇ ನಿಮಿಷಗಳಲ್ಲಿ ಅವೇ ಉಬ್ಬುಗಳು ಏಳುತ್ತಿದ್ದವು. ಒಂದು ಹೆಸರಾಂತ ಪತ್ರಿಕೆ ಈ ಲೇಖನವನ್ನು ಮಹತ್ವದ್ದಲ್ಲ ಎಂದು ವಾಪಸು ಕಳಿಸಿತೆಂದು ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಕೊನೆಗೆ 1962ರಲ್ಲಿ ಬೇರೆ ಪತ್ರಿಕೆಯಲ್ಲಿ ಅದು ಅಚ್ಚಾಯಿತು.

ಆ ಲೇಖನದಲ್ಲಿ ಇನ್ನೊಂದು ಮುಖ್ಯ ಸಂಗತಿ ಇತ್ತು. ಬಿಸಿಯನ್ನೇ ಮುಟ್ಟಿಸದೆ ಕೆಲವು ರಾಸಾಯನಿಕ ಹಾಕಿದರೂ ಅವೇ ಉಬ್ಬುಗಳು ಏಳುತ್ತಿದ್ದವು. ಅಂದರೆ ಜೀವಕೋಶ ಅಳೆಯುತ್ತಿದ್ದುದು ಬರೀ ಬಿಸಿಯನ್ನಲ್ಲ, ಬೇರೆ ಏನನ್ನೋ. ಏನದು? ಉತ್ತರ ಸಿಗಲು ಇಪ್ಪತ್ತು ವರ್ಷಕ್ಕೂ ಮೇಲೆ ಹಿಡಿಯಿತು.

ರಿಪೇರಿ ತಂಡ

1974ರಲ್ಲಿ ಆಲ್ಫ್ರೆಡ್ ಟಿಸಿಯೆರ್ ಮತ್ತು ಸಂಗಡಿಗರು ಆ ಉಬ್ಬುಗಳಿಂದ ತಯಾರಾಗುವ ಪ್ರೋಟೀನ್‌ಗಳನ್ನು ಗುರುತಿಸಿದರು. ಅವುಗಳಿಗೆ ಹೀಟ್ ಶಾಕ್ ಪ್ರೋಟೀನ್, ಅಂದರೆ ಎಚ್‌ಎಸ್‌ಪಿ ಎಂದು ಹೆಸರು ಬಂತು. ಎಚ್‌ಎಸ್‌ಪಿ-70, ಎಚ್‌ಎಸ್‌ಪಿ-90 ಎಂದು ಅವುಗಳ ಮುಂದೆ ಇರುವ ಅಂಕಿ ತೂಕದ್ದು. ಎಪ್ಪತ್ತು ಅಂದರೆ ಸುಮಾರು 70,000 ಹೈಡ್ರೋಜನ್ ಪರಮಾಣುಗಳಷ್ಟು ಭಾರ.

ತಂಡದಲ್ಲಿ ಕೆಲಸ ಹಂಚಿಕೆ ಇದೆ. ಎಚ್‌ಎಸ್‌ಪಿ-70 ಬಿಚ್ಚಿಕೊಂಡ ಸರದ ಜಿಡ್ಡಿನ ಭಾಗವನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿದು ಅದು ಸರಿಯಾಗಿ ಮಡಚಿಕೊಳ್ಳಲು ಅವಕಾಶ ಮಾಡಿಕೊಡುತ್ತದೆ. ಎಚ್‌ಎಸ್‌ಪಿ-60 ಡಬ್ಬಿಯಂತೆ. ಕೆಟ್ಟ ಸರವನ್ನು ಒಳಗೆ ತೆಗೆದುಕೊಂಡು, ಅಕ್ಕಪಕ್ಕದವರ ಗಲಾಟೆ ಇಲ್ಲದೆ ಮಡಚಿಕೊಳ್ಳಲು ಬಿಡುತ್ತದೆ. ಯೀಸ್ಟ್‌ನಲ್ಲಿರುವ ಎಚ್‌ಎಸ್‌ಪಿ-104 ಈಗಾಗಲೇ ಕಟ್ಟಿದ ಗಂಟಿನಿಂದ ಒಂದೊಂದೇ ಎಳೆ ಎಳೆದು ಬಿಡಿಸುತ್ತದೆ. ರಿಪೇರಿ ಆಗದ್ದು ಗುಜರಿಗೆ ಹೋಗುತ್ತದೆ. ಅಲ್ಲಿ ಅದನ್ನು ಮುರಿದು ಮಣಿಗಳನ್ನು ಮತ್ತೆ ಬಳಸಿಕೊಳ್ಳುತ್ತಾರೆ ಅಂದುಕೊಳ್ಳಿ.

ಇವು ಬೇಸಿಗೆಗೆ ಮಾತ್ರ ಬೇಕಾದವಲ್ಲ. ಆರಾಮದ ದಿನಗಳಲ್ಲೂ ಹೊಸ ಪ್ರೋಟೀನ್ ತಯಾರಾಗುವಾಗ ಅದರ ಜೊತೆಗಿದ್ದು ಮಡಿಕೆ ಹಾಳಾಗದಂತೆ ನೋಡಿಕೊಳ್ಳುತ್ತವೆ. ಸಂಕಟ ಬಂದಾಗ ಇರುವಷ್ಟು ಸಾಲುವುದಿಲ್ಲ. ಆಗ ಇನ್ನಷ್ಟು ಬೇಕು.

ಮದುವೆ ಮನೆಯ ಸೋದರಮಾವ

ಬೇಕು ಎಂದು ತೀರ್ಮಾನಿಸುವುದು ಎಚ್‌ಎಸ್‌ಎಫ್. ನಮ್ಮಲ್ಲಿ ಇವು ಹಲವು ಇವೆ. ಬಿಸಿಯ ಕೆಲಸಕ್ಕೆ ಮುಖ್ಯವಾದದ್ದು ಎಚ್‌ಎಸ್‌ಎಫ್-1.

ಟ್ರಾನ್ಸ್‌ಕ್ರಿಪ್ಷನ್ ಅಂದರೆ ನಕಲು ಬರೆದುಕೊಳ್ಳುವುದು. ಪ್ರತಿ ಪ್ರೋಟೀನ್ ಮಾಡುವ ವಿಧಾನ ಡಿಎನ್‌ಎಯಲ್ಲಿ ಬರೆದಿಟ್ಟಿದೆ. ಆ ಒಂದೊಂದು ವಿಧಾನವೇ ಒಂದು ಜೀನ್. ಮೂಲ ಪುಸ್ತಕವನ್ನು ಯಾರೂ ಅಡುಗೆಮನೆಗೆ ಒಯ್ಯುವುದಿಲ್ಲ. ಬೇಕಾದ ಪುಟವನ್ನು ಚೀಟಿಯಲ್ಲಿ ನಕಲು ಮಾಡಿ ಕಳಿಸುತ್ತಾರೆ. ಆ ಚೀಟಿ ಆರ್‌ಎನ್‌ಎ. ಯಾವ ಪುಟ, ಯಾವಾಗ, ಎಷ್ಟು ಪ್ರತಿ ಎಂದು ಹೇಳುವ ಪ್ರೋಟೀನೇ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್.

ಈಗ ಒಂದು ಮದುವೆ ಮನೆಗೆ ಹೋಗೋಣ. ಊಟದ ಉಸ್ತುವಾರಿ ಸೋದರಮಾವನದು. ಕೈಯಲ್ಲಿ ಫೋನ್ ಇದೆ, ಬೇಕೆಂದರೆ ಇನ್ನಷ್ಟು ಹುಡುಗರನ್ನು ಕರೆಸಬಹುದು. ಬೆಳಿಗ್ಗೆ ಜನ ಇನ್ನೂ ಕಡಿಮೆ. ಬಡಿಸಲು ಬಂದ ಹುಡುಗರು ಮಾವನ ಸುತ್ತ ಕುರ್ಚಿ ಹಾಕಿಕೊಂಡು ಮಾತಿಗೆ ಕೂತಿದ್ದಾರೆ. ಅಷ್ಟು ಜನ ಖಾಲಿ ಕೂತಿರುವಾಗ ಮಾವ ಯಾರಿಗೆ ಫೋನ್ ಮಾಡಬೇಕು?

ಮಧ್ಯಾಹ್ನ ಒಮ್ಮೆಲೇ ಪಂಕ್ತಿ ತುಂಬುತ್ತದೆ. ಆ ಎಲೆಗೆ ಅನ್ನ ಇಲ್ಲ, ಈ ಎಲೆಗೆ ಸಾರು ಇಲ್ಲ. ಹುಡುಗರೆಲ್ಲ ಎದ್ದು ಬಕೆಟ್ ಹಿಡಿದು ಓಡುತ್ತಾರೆ. ಮಾವ ಒಬ್ಬರೇ ಉಳಿಯುತ್ತಾರೆ. ಅವರು ಎಲೆ ಎಣಿಸಿಲ್ಲ, ಪಂಕ್ತಿಯತ್ತ ಇಣುಕಿಯೂ ಇಲ್ಲ. ಸುತ್ತಲಿನ ಕುರ್ಚಿಗಳು ಖಾಲಿಯಾದವಲ್ಲ, ಅಷ್ಟು ಸಾಕು. ಫೋನ್ ತೆಗೆಯುತ್ತಾರೆ.

ಆ ಮಾವನೇ ಎಚ್‌ಎಸ್‌ಎಫ್-1. ಹುಡುಗರು ಎಚ್‌ಎಸ್‌ಪಿ-70, ಎಚ್‌ಎಸ್‌ಪಿ-90. ಮಾಮೂಲಿ ದಿನಗಳಲ್ಲಿ ಇವು ಎಚ್‌ಎಸ್‌ಎಫ್-1ಕ್ಕೆ ಅಂಟಿಕೊಂಡು ಅದನ್ನು ಸುಮ್ಮನಿರಿಸುತ್ತವೆ. ಬಿಸಿ ಏರಿ ಪ್ರೋಟೀನ್‌ಗಳು ಬಿಚ್ಚತೊಡಗಿದರೆ ಅವು ರಿಪೇರಿಗೆ ಹೊರಡಬೇಕಾಗುತ್ತದೆ. ಹಿಡಿದವರು ಬಿಟ್ಟು ಹೋದಾಗ ಎಚ್‌ಎಸ್‌ಎಫ್-1 ಎಚ್ಚರಗೊಳ್ಳುತ್ತದೆ. ರಿಪೇರಿಯವರ ಕೊರತೆಯೇ ಇಲ್ಲಿ ಕರೆಗಂಟೆ. ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಚೆಂದ ಅನಿಸುವುದು ಇದೇ ಜಾಗ.

ಕಪ್ಪೆಯ ಮೊಟ್ಟೆಯಲ್ಲಿ ಸಿಕ್ಕ ಸಾಕ್ಷಿ

ಇದು ಬರೀ ಚೆಂದದ ಹೋಲಿಕೆಯೋ, ನಿಜವೋ? 1986ರಲ್ಲಿ ಅನಂತನ್, ಗೋಲ್ಡ್‌ಬರ್ಗ್, ವೊಲ್ಮಿ ಎಂಬ ಮೂವರು ವಿಜ್ಞಾನಿಗಳು ಒಂದು ಸರಳ ಪ್ರಯೋಗ ಪ್ರಕಟಿಸಿದರು. ಕಪ್ಪೆಯ ಅಂಡಕೋಶಗಳು ದೊಡ್ಡವು, ಸೂಜಿ ಚುಚ್ಚಿ ಒಳಗೆ ಏನಾದರೂ ಹಾಕುವುದು ಸುಲಭ. ಕೆಲವಕ್ಕೆ ಸರಿಯಾಗಿ ಮಡಚಿದ ಪ್ರೋಟೀನ್ ಹಾಕಿದರು. ಇನ್ನು ಕೆಲವಕ್ಕೆ ಅದೇ ಪ್ರೋಟೀನನ್ನು ಮೊದಲೇ ಆಕಾರ ಕೆಡಿಸಿ ಹಾಕಿದರು. ಬಿಸಿ ಮಾತ್ರ ಮುಟ್ಟಿಸಲಿಲ್ಲ.

ಸರಿಯಾದ ಪ್ರೋಟೀನ್ ಹೋದ ಕಡೆ ಏನೂ ಆಗಲಿಲ್ಲ. ಕೆಟ್ಟ ಪ್ರೋಟೀನ್ ಹೋದ ಕಡೆ ಹೀಟ್ ಶಾಕ್ ಜೀನ್ ಚುರುಕಾಯಿತು. ರಿತೊಸ್ಸ ಅವರ ನೊಣದಲ್ಲಿ ರಾಸಾಯನಿಕಕ್ಕೂ ಉಬ್ಬು ಎದ್ದದ್ದು ಏಕೆ ಎಂಬುದಕ್ಕೆ ದಾರಿ ಸಿಕ್ಕಿತು. ಪ್ರೋಟೀನ್ ಕೆಡಿಸುವುದು ಯಾವುದಾದರೂ ಸರಿ, ಅದು ಬಿಸಿಯೋ, ಆಲ್ಕೋಹಾಲೋ, ಕ್ಯಾಡ್ಮಿಯಂನಂಥ ಲೋಹವೋ, ಜೀವಕೋಶಕ್ಕೆ ಅದು ಒಂದೇ ಬಗೆಯ ಸಂಕಟ.

ಹಾಗಂತ ಎಚ್‌ಎಸ್‌ಎಫ್-1ಕ್ಕೆ ಬಿಸಿಯೇ ತಿಳಿಯುವುದಿಲ್ಲ ಎಂದಲ್ಲ. ಅದನ್ನೊಂದನ್ನೇ ಶುದ್ಧ ಮಾಡಿ ನಳಿಕೆಯಲ್ಲಿ ಬಿಸಿ ಮಾಡಿದರೆ ತಾನಾಗಿಯೇ ರೂಪ ಬದಲಿಸುತ್ತದೆ. ಜೀವಕೋಶದ ಒಳಗೆ ಎರಡೂ ಕೂಡಿ ಕೆಲಸ ಮಾಡುತ್ತವೆ.

ಮೂರು ಕಲ್ಲು, ಒಂದು ಬಸ್ಸು

ಎಚ್ಚರಗೊಂಡ ಎಚ್‌ಎಸ್‌ಎಫ್-1 ಒಂಟಿಯಾಗಿ ಏನೂ ಮಾಡಲಾರದು. ಮೂರು ಒಟ್ಟಿಗೆ ಸೇರಬೇಕು. ಹಳ್ಳಿಯ ಒಲೆಗೆ ಮೂರು ಕಲ್ಲು ಇಟ್ಟರಷ್ಟೇ ಪಾತ್ರೆ ನಿಲ್ಲುತ್ತದೆ ಅಲ್ವಾ, ಹಾಗೆ. ಮೂರರ ಕೂಟವಾದ ಮೇಲೆ ಅದು ಡಿಎನ್‌ಎಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ಎಲ್ಲಿ ಬೇಕೆಂದರಲ್ಲಿ ಹಿಡಿಯುವುದಿಲ್ಲ. ಹೀಟ್ ಶಾಕ್ ಜೀನ್‌ಗಳ ಮುಂದೆ ಜಿ, ಎ, ಎ ಎಂಬ ಮೂರು ಅಕ್ಷರಗಳ ಗುರುತು ಸಣ್ಣ ಅಂತರದಲ್ಲಿ, ಒಮ್ಮೆ ನೇರವಾಗಿ ಒಮ್ಮೆ ತಿರುಗಿ, ಮತ್ತೆ ಮತ್ತೆ ಬರೆದಿರುತ್ತದೆ. ಇಂಥ ಗುರುತು ಇದೆ ಎಂದು 1982ರಲ್ಲಿ ಹ್ಯೂ ಪೆಲ್ಹಮ್ ತೋರಿಸಿದ್ದರು. ಕೂಟದ ಒಂದೊಂದು ಸದಸ್ಯನ ಕೈ ಒಂದೊಂದು ಗುರುತಿನ ಮೇಲೆ ಕೂರುತ್ತದೆ.

ಆಮೇಲಿನದು ಇನ್ನೂ ಸೊಗಸು. ನಕಲು ಬರೆಯುವ ಯಂತ್ರಕ್ಕೆ ಆರ್‌ಎನ್‌ಎ ಪಾಲಿಮರೇಸ್ ಎಂದು ಹೆಸರು. ಸಂಕಟ ಬಂದ ಮೇಲೆ ಅದನ್ನು ಹುಡುಕಿ ತಂದು ಕೂರಿಸುತ್ತಾ ಹೋದರೆ ತಡವಾಗುತ್ತದೆ. ಹಣ್ಣಿನ ನೊಣದ ಎಚ್‌ಎಸ್‌ಪಿ-70 ಜೀನಿನಲ್ಲಿ ಈ ಯಂತ್ರ ಆರಾಮದ ದಿನದಲ್ಲೂ ಕೂತಿರುತ್ತದೆ. ಇಪ್ಪತ್ತರಿಂದ ನಲವತ್ತು ಅಕ್ಷರ ಬರೆದು ಅಲ್ಲೇ ನಿಂತಿರುತ್ತದೆ. 1980ರ ದಶಕದಲ್ಲಿ ಅಮೆರಿಕದ ಜಾನ್ ಲಿಸ್ ತಂಡ ಇದನ್ನು ಕಂಡುಹಿಡಿಯಿತು. ಬಸ್ ನಿಲ್ದಾಣದಲ್ಲಿ ಎಂಜಿನ್ ಚಾಲೂ ಇಟ್ಟುಕೊಂಡು ನಿಂತ ಬಸ್ಸಿನ ಹಾಗೆ. ಡ್ರೈವರ್ ಸೀಟಿನಲ್ಲೇ ಇದ್ದಾನೆ, ಗೇರೂ ಹಾಕಿದ್ದಾನೆ. ಕಂಡಕ್ಟರ್ "ರೈಟ್" ಅನ್ನಬೇಕು, ಅಷ್ಟೇ. ಎಚ್‌ಎಸ್‌ಎಫ್ ಬಂದು ಹಿಡಿದಾಗ ಆ "ರೈಟ್" ಬೀಳುತ್ತದೆ. ಒಂದು ಬಸ್ಸು ಹೊರಟ ಕೂಡಲೇ ಹಿಂದಿನದು ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ, ಅದರ ಹಿಂದೆ ಇನ್ನೊಂದು.

ನಮ್ಮ ಬಹುಪಾಲು ಜೀನ್‌ಗಳ ನಕಲಿನಲ್ಲಿ ನಡುನಡುವೆ ಬೇಡದ ತುಂಡುಗಳಿರುತ್ತವೆ. ಅವನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಜೋಡಿಸಬೇಕು. ಜೋರು ಬಿಸಿಯಲ್ಲಿ ಆ ಕತ್ತರಿ ಕೆಲಸವೇ ಕೆಡುತ್ತದೆ. ನೊಣದ ಎಚ್‌ಎಸ್‌ಪಿ-70 ಜೀನಿನಲ್ಲಿ ಕತ್ತರಿಸಬೇಕಾದ ತುಂಡೇ ಇಲ್ಲ. ಚೀಟಿ ಬರೆದದ್ದೇ ಅಡುಗೆಮನೆಗೆ ಹೋಗಬಹುದು.

ಸಾಕು ಎಂದು ಹೇಳುವವರು ಯಾರು?

ಮದುವೆ ಮನೆಗೇ ವಾಪಸು ಬರೋಣ. ಹೊಸ ಹುಡುಗರು ಬಂದರು, ಪಂಕ್ತಿ ಮುಗಿಯಿತು. ಕೆಲಸವಿಲ್ಲದವರು ಮತ್ತೆ ಮಾವನ ಸುತ್ತ ಕೂತರು. ಮಾವ ಫೋನ್ ಜೇಬಿಗಿಟ್ಟರು. ಎಚ್‌ಎಸ್‌ಪಿ-70 ಸಾಕಷ್ಟಾದ ಮೇಲೆ ಅದೇ ಹೋಗಿ ಎಚ್‌ಎಸ್‌ಎಫ್-1ಕ್ಕೆ ಅಂಟುತ್ತದೆ. ಮೂರರ ಕೂಟ ಒಡೆಯುತ್ತದೆ. ಎಚ್‌ಎಸ್‌ಎಫ್-1ರ ಮೇಲೆ ಸಣ್ಣ ರಾಸಾಯನಿಕ ಗುರುತುಗಳನ್ನು ಹಚ್ಚಿ ಅದು ಡಿಎನ್‌ಎ ಬಿಡುವಂತೆ ಮಾಡುವ ಇನ್ನೊಂದು ಏರ್ಪಾಡೂ ಇದೆ.

ನಿಲ್ಲಿಸುವುದು ಯಾಕೆ ಅಷ್ಟು ಮುಖ್ಯ? ಈ ಪ್ರೋಟೀನ್ ತಯಾರಿಸಲು ಶಕ್ತಿ ಬೇಕು, ಬೇರೆ ಕೆಲಸಗಳನ್ನು ತಡೆಹಿಡಿಯಬೇಕು. ಸದಾ ತುರ್ತು ಪರಿಸ್ಥಿತಿಯಲ್ಲೇ ಇದ್ದರೆ ಜೀವಕೋಶ ಬೆಳೆಯಲಾರದು.

ಆದರೆ ತಯಾರಾದ ಎಚ್‌ಎಸ್‌ಪಿಗಳು ಕೂಡಲೇ ಮಾಯವಾಗುವುದಿಲ್ಲ. ಕೆಲಕಾಲ ಉಳಿದಿರುತ್ತವೆ. ಆದ್ದರಿಂದ ಮೊದಲು ಹದವಾದ ಬಿಸಿ ಕಂಡ ಜೀವಕೋಶ, ಆಮೇಲೆ ಬರುವ ಜೋರು ಬಿಸಿಯನ್ನು ತಡೆದುಕೊಳ್ಳುತ್ತದೆ. ಹದದ ಬಿಸಿ ಕಾಣದ್ದು ಅದೇ ಬಿಸಿಗೆ ಸಾಯುತ್ತದೆ. ನರ್ಸರಿಯ ನೆರಳಲ್ಲಿ ಬೆಳೆದ ಸಸಿಯನ್ನು ಹೊಲಕ್ಕೆ ಹಾಕುವ ಮುಂಚೆ ದಿನಾ ಸ್ವಲ್ಪ ಸ್ವಲ್ಪ ಬಿಸಿಲಿಗಿಟ್ಟು ಗಟ್ಟಿ ಮಾಡುತ್ತಾರಲ್ಲ, ಅದರ ಹಿಂದಿರುವ ಕಾರಣಗಳಲ್ಲಿ ಇದೂ ಒಂದು.

ಮನುಷ್ಯರ ಮಟ್ಟಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಈ ರಿಪೇರಿ ತಂಡ ನಮ್ಮನ್ನು ಬಿಸಿಲಿನ ಹೊಡೆತದಿಂದ ಪಾರುಮಾಡುತ್ತದೆ ಎಂದು ನಂಬಿ ಕೂರಬಾರದು. ದೇಹದ ಬಿಸಿ 40 ಡಿಗ್ರಿ ದಾಟಿ, ಮಾತು ತೊದಲಿ, ಗೊಂದಲ ಶುರುವಾದರೆ ಅದು ತುರ್ತು ಸ್ಥಿತಿ. ಕೂಡಲೇ ಮೈ ತಂಪು ಮಾಡಬೇಕು, ಆಸ್ಪತ್ರೆಗೆ ಒಯ್ಯಬೇಕು.

ಓಡಲಾಗದವರು: ಟೊಮೆಟೊ, ರೇಷ್ಮೆ ಹುಳು

ಯೀಸ್ಟ್‌ನಲ್ಲಿ ಬಿಸಿಗೆ ಸ್ಪಂದಿಸುವ ಎಚ್‌ಎಸ್‌ಎಫ್ ಒಂದೇ. ಹಣ್ಣಿನ ನೊಣದಲ್ಲೂ ಒಂದೇ. ಗಿಡಗಳಲ್ಲಿ ನೋಡಿ. ಸಾಸಿವೆಯ ಕುಲದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ 21, ಭತ್ತದಲ್ಲಿ 25. ಬೇರೂರಿ ನಿಂತವರಿಗೆ ನೆರಳಿಗೆ ಹೋಗುವ ದಾರಿ ಇಲ್ಲ. ಬಿಸಿ, ಬರ, ಉಪ್ಪು ಎಲ್ಲವನ್ನೂ ನಿಂತಲ್ಲೇ ಎದುರಿಸಬೇಕು. ಇಷ್ಟೊಂದು ಇರುವುದಕ್ಕೆ ಅದೇ ಕಾರಣವಿರಬಹುದು ಎಂದು ಅನೇಕ ವಿಜ್ಞಾನಿಗಳು ಭಾವಿಸುತ್ತಾರೆ.

ಟೊಮೆಟೊದಲ್ಲಿ ಇವುಗಳಿಗೆಲ್ಲ ಒಬ್ಬ ಯಜಮಾನ ಇದ್ದಾನೆ. 2002ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ತಂಡವೊಂದು ಎಚ್‌ಎಸ್‌ಎಫ್-ಎ1 ಎಂಬ ಒಂದನ್ನು ಮಾತ್ರ ಸುಮ್ಮನಾಗಿಸಿದ ಟೊಮೆಟೊ ಗಿಡ ಬೆಳೆಸಿತು. ಮಾಮೂಲಿ ದಿನಗಳಲ್ಲಿ ಗಿಡ ಚೆನ್ನಾಗಿಯೇ ಬೆಳೆಯಿತು. ಬಿಸಿ ತಾಗಿಸಿದಾಗ ಮಾತ್ರ ತಡೆಯಲಿಲ್ಲ. ಉಳಿದ ಎಚ್‌ಎಸ್‌ಎಫ್‌ಗಳು ಆ ಜಾಗ ತುಂಬಲಾಗಲಿಲ್ಲ. ಕೋಲಾರದ ಕಡೆಯ ಟೊಮೆಟೊ ಬೆಳೆಗಾರರಿಗೆ ಬೇಸಿಗೆಯಲ್ಲಿ ಹೂ ಉದುರುವ ಕಷ್ಟ ಗೊತ್ತು. ಗಿಡದಲ್ಲಿ ಬಿಸಿಗೆ ಬೇಗ ಸೋಲುವುದು ಪರಾಗ. ಪರಾಗ ಕೆಟ್ಟರೆ ಕಾಯಿ ಕಚ್ಚುವುದಿಲ್ಲ. ಅದಕ್ಕೇ ತಳಿ ಸುಧಾರಿಸುವವರ ಕಣ್ಣು ಈ ಜೀನ್‌ಗಳ ಮೇಲಿದೆ.

ರೇಷ್ಮೆಯಲ್ಲೂ ಇದೇ ಕತೆ. ಮೈಸೂರು ತಳಿಯ ಹುಳು ನಮ್ಮ ಸೆಕೆಗೆ ಒಗ್ಗಿದ್ದು. ವರ್ಷಕ್ಕೆ ಎರಡು ಪೀಳಿಗೆ ಕೊಡುವ ದ್ವಿತಳಿಯ ನೂಲು ಒಳ್ಳೆಯದು, ಹುಳು ಮಾತ್ರ ನಾಜೂಕು. ಅದಕ್ಕೇ ಬೇಸಿಗೆಯಲ್ಲಿ ರೈತರು ಹುಳುಮನೆಯ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಬ್ಬರು ಸಂಶೋಧಕರು ಈ ಎರಡೂ ಬಗೆಯ ಹುಳುಗಳಿಗೆ ಬಿಸಿ ತಾಗಿಸಿ ಹೋಲಿಸಿದ್ದು 1995ರಲ್ಲಿ ಪ್ರಕಟವಾಗಿದೆ. 41 ಡಿಗ್ರಿ ಮತ್ತು ಅದಕ್ಕೂ ಮೇಲಿನ ಬಿಸಿಯಲ್ಲಿ ಮೈಸೂರು ತಳಿಯಂಥವು ದ್ವಿತಳಿಗಿಂತ ಚೆನ್ನಾಗಿ ಉಳಿದುಕೊಂಡವು. ರೈತರು ಕಣ್ಣಾರೆ ಕಂಡಿದ್ದನ್ನು ಪ್ರಯೋಗಾಲಯವೂ ಕಂಡಿತು.

ಇದೇ ರಕ್ಷಣೆ ಕ್ಯಾನ್ಸರಿಗೂ ಸಿಕ್ಕರೆ?

ಕ್ಯಾನ್ಸರ್ ಗಡ್ಡೆಯ ಜೀವಕೋಶ ಹುಚ್ಚಾಪಟ್ಟೆ ಬೆಳೆಯುತ್ತದೆ. ಅದರಲ್ಲಿ ದೋಷವಿರುವ ಪ್ರೋಟೀನ್‌ಗಳೂ ಜಾಸ್ತಿ. ಅವೆಲ್ಲ ಕುಸಿಯದಂತೆ ಹಿಡಿಯಲು ರಿಪೇರಿ ತಂಡ ಬೇಕೇ ಬೇಕು. 2007ರಲ್ಲಿ ಸುಸಾನ್ ಲಿಂಡ್‌ಕ್ವಿಸ್ಟ್ ಮತ್ತು ಸಂಗಡಿಗರು ಎಚ್‌ಎಸ್‌ಎಫ್-1 ಇಲ್ಲದ ಇಲಿಗಳಲ್ಲಿ ಗಡ್ಡೆ ಬೆಳೆಯುವುದು ಬಹಳ ಕಡಿಮೆ ಎಂದು ತೋರಿಸಿದರು. ಹಾಗಾದರೆ ಎಚ್‌ಎಸ್‌ಎಫ್-1 ತಡೆದರೆ ಸಾಕೇ?

ಅಷ್ಟು ಸುಲಭವಿಲ್ಲ. 2003ರಲ್ಲಿ ಸಿಂಥಿಯಾ ಕೆನ್ಯನ್ ತಂಡ ಮಣ್ಣಿನಲ್ಲಿ ಬದುಕುವ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಎಚ್‌ಎಸ್‌ಎಫ್ ಕಡಿಮೆ ಮಾಡಿತು. ಹುಳು ಬೇಗ ಮುಪ್ಪಾಗಿ ಸತ್ತಿತು. ಹೆಚ್ಚು ಮಾಡಿದಾಗ ಆಯಸ್ಸು ಬೆಳೆಯಿತು. ಆಲ್‌ಝೈಮರ್, ಪಾರ್ಕಿನ್ಸನ್‌ನಂಥ ಕಾಯಿಲೆಗಳಲ್ಲಿ ಮಿದುಳಿನ ಜೀವಕೋಶಗಳಲ್ಲಿ ಪ್ರೋಟೀನ್ ಗಂಟುಗಳು ಕಾಣುತ್ತವೆ. ಅಲ್ಲಿ ಈ ತಂಡ ಬಲವಾಗಬೇಕು, ಗಡ್ಡೆಯಲ್ಲಿ ಸೋಲಬೇಕು. ಒಂದೇ ದೇಹದಲ್ಲಿ ಎರಡೂ ಆಗಬೇಕು. ಔಷಧಿ ಹುಡುಕುವವರಿಗೆ ಎದುರಾಗಿರುವ ಕಷ್ಟ ಇದು.

ಕಣ್ಣಿನ ಪೊರೆ

ಕೊನೆಯದಾಗಿ ನಮ್ಮ ಕಣ್ಣಿನ ಮಸೂರ. ಅದರ ನಡುವಿನ ಜೀವಕೋಶಗಳು ಬೆಳಕಿಗೆ ಅಡ್ಡಿಯಾಗಬಾರದೆಂದು ತಮ್ಮ ಕೋಶಕೇಂದ್ರವನ್ನೇ ಕಳೆದುಕೊಳ್ಳುತ್ತವೆ. ಕೋಶಕೇಂದ್ರ ಇಲ್ಲವೆಂದರೆ ಡಿಎನ್‌ಎ ಪುಸ್ತಕ ಇಲ್ಲ, ಹೊಸ ಚೀಟಿ ಇಲ್ಲ, ಹೊಸ ಪ್ರೋಟೀನೂ ಇಲ್ಲ. ಮಸೂರ ರೂಪುಗೊಳ್ಳುವಾಗ ತುಂಬಿಟ್ಟ ದಾಸ್ತಾನಿನಲ್ಲೇ ಜೀವಮಾನ ಕಳೆಯಬೇಕು. ಆ ದಾಸ್ತಾನಿನ ದೊಡ್ಡ ಪಾಲು ಆಲ್ಫಾ ಕ್ರಿಸ್ಟಲಿನ್ ಎಂಬ ಪ್ರೋಟೀನ್. ಅದು ಎಚ್‌ಎಸ್‌ಪಿಗಳ ಬಳಗದ್ದೇ. ಸಡಿಲಗೊಂಡ ನೆರೆಯವರನ್ನು ಗಂಟು ಕಟ್ಟದಂತೆ ಹಿಡಿದಿಟ್ಟುಕೊಳ್ಳುತ್ತದೆ.

ಮಸೂರ ರೂಪುಗೊಳ್ಳುವಾಗ ಕೆಲಸ ಮಾಡುವುದು ಎಚ್‌ಎಸ್‌ಎಫ್-4. ಹುಟ್ಟಿನಿಂದ ಅಥವಾ ಎಳವೆಯಲ್ಲೇ ಕಣ್ಣಿಗೆ ಪೊರೆ ಬರುವ ಕೆಲವು ಮನೆತನಗಳಲ್ಲಿ ಇದೇ ಜೀನಿನಲ್ಲಿ ದೋಷ ಇರುವುದು 2002ರಲ್ಲಿ ತಿಳಿಯಿತು. ದೋಷವಿಲ್ಲದವರಲ್ಲೂ ವಯಸ್ಸಾದಂತೆ ಹಿಡಿದಿಡುವ ಪ್ರೋಟೀನ್ ಖರ್ಚಾಗುತ್ತಾ ಬರುತ್ತದೆ. ಹಿಡಿಯುವವರಿಲ್ಲದೆ ಉಳಿದವು ಅಂಟಿಕೊಳ್ಳುತ್ತವೆ. ಪೊರೆ ಬಂದ ಅಜ್ಜಿಯ ಕಣ್ಣನ್ನು ಹತ್ತಿರದಿಂದ ನೋಡಿದ್ದೀರಾ? ಕರಿಗುಡ್ಡೆಯ ನಡುವೆ ಕಾಣುವ ಆ ಬಿಳಿ ಮಬ್ಬು, ಕಾವಲಿಯ ಮೇಲೆ ಮೊಟ್ಟೆಯ ಅಂಚಿನಲ್ಲಿ ಮೊದಲು ಮೂಡಿದ ಮಬ್ಬಿನಂಥದ್ದೇ. ಕಾವಲಿಯ ಮೇಲೆ ಅದಕ್ಕೆ ಅರ್ಧ ನಿಮಿಷ ಸಾಕಿತ್ತು. ಇಲ್ಲಿ ಎಪ್ಪತ್ತು ವರ್ಷ ಹಿಡಿದಿದೆ.